ವೆಂಕಟಪ್ಪನವರ ಕೈಪಳಗಿಕೆಯೂ ವಂಗೀಯ ಚಿತ್ರಶಾಲೆಯೂ

ವಂಗೀಯ, ಎಂದರೆ ಬಂಗಾಳದ, ಚಿತ್ರಶಾಲೆಯನ್ನು ಕೊಂಡಾಡಿದವರು, ಅದರ ಪ್ರವರ್ತಕರಾದ ಅವನೀಂದ್ರನಾಥ ಠಾಕೂರರು ಶಿಷ್ಯರ ಕೈಯನ್ನು ತಿದ್ದುವುದಕ್ಕಿಂತ ಅವರ ಕಲ್ಪನೆಯನ್ನು ಎಚ್ಚರಿಸುವುದೇ ಮಿಗಿಲೆಂದು ಭಾವಿಸಿದ್ದರೆಂಬುದನ್ನು ಆ ಶಾಲೆಯ ಪರಮಗುಣವಾಗಿ ಎಣಿಸುವುದುಂಟು. ಆದರೆ ಅಂಥ ಬೋಧನೆ ಫಲಿಸಬೇಕಾದರೆ ಶಿಷ್ಯನ ಕೈ ಶಾಲೆಯ ಹೊಸ್ತಿಲು ತುಳಿಯುವ ಮೊದಲೇ ಪಳಗಿರಬೇಕೆಂಬುದಕ್ಕೆ ಮೈಸೂರಿನ ಕೆ. ವೆಂಕಟಪ್ಪನವರ ವಿದ್ಯಾಭ್ಯಾಸಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತೋರದು.

1886ರಲ್ಲಿ ಜನಿಸಿದ ಅವರದು ಅರಮನೆಗೆ ಸೇವೆ ಸಲ್ಲಿಸಿದ ಚಿತ್ರಗಾರರ ಮನೆತನ. ಅಂಥ ಮನೆಗಳಲ್ಲಿ ಪಾಠವೆಂಬುದು ಬಾಯಿಂದ ಹೇಳುವಂಥದಾಗಿರಲಿಲ್ಲ. ಹುಣಿಸೆಯ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ರೇಖೆ ಎಳೆಯುವುದು, ಅಳಿಲಿನ ಕೂದಲಿನಿಂದ ಕುಂಚ ಕಟ್ಟುವುದು, ಸಫೇದವೆಂಬ ಬಿಳಿಯ ಪುಡಿಯನ್ನು ಅಂಟಿನೊಡನೆ ನುಣ್ಣಗೆ ಅರೆದು ಮಕ್ಕು ಮಾಡುವುದು, ಆ ಮಕ್ಕಿನಿಂದ ಆಭರಣ ಪ್ರಭಾವಳಿಗಳನ್ನು ಎಳೆಯೆಳೆಯಾಗಿ ಉಬ್ಬಿಸಿ ಮೇಲೆ ಚಿನ್ನದ ರೇಕನ್ನು ಕೂರಿಸುವುದು, ಇವೇ ಅಲ್ಲಿಯ ವರ್ಣಮಾಲೆ. ಮಕ್ಕಿನ ಎಳೆ ಒಂದಿಷ್ಟು ವಾರೆಯಾದರೂ ಚಿನ್ನವು ಆ ದೋಷವನ್ನು ಮುಚ್ಚದೆ, ಬೆಳಗಿಸಿ ತೋರಿಸುತ್ತದೆ; ಹುಡುಗನಿಗೆ ಇದಕ್ಕಿಂತ ನಿಷ್ಠುರನಾದ ಉಪಾಧ್ಯಾಯ ಬೇಕಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆಯುವುದಕ್ಕೆ ಈ ಸಂಪ್ರದಾಯದಲ್ಲಿ ಎಡೆ ಬಹಳ ಕಡಿಮೆಯಿತ್ತೆಂಬುದನ್ನೂ ಹೇಳಲೇಬೇಕು: ದೇವತೆಗಳ ನಿಲುವೂ ಮುಖಮುದ್ರೆಯೂ ಶಾಸ್ತ್ರದಿಂದ ಮೊದಲೇ ನಿಶ್ಚಿತವಾಗಿದ್ದವು.

ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆಯಿಂದ ಅವರು 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಚಿತ್ರಕಲಾಶಾಲೆಗೆ ಹೋದರು. ಅಷ್ಟರಲ್ಲಿ ಆ ಶಾಲೆಯ ಮುಖ್ಯಸ್ಥರಾಗಿದ್ದ ಹ್ಯಾವೆಲ್ ಸಾಹೇಬರು ಯೂರೋಪಿನ ಮಾದರಿಗಳನ್ನು ನಕಲು ಮಾಡಿಸುವ ಪದ್ಧತಿಯನ್ನು ಅಲುಗಾಡಿಸಿ ತೆರಳಿದ್ದರು. ಜಪಾನಿನ ಚಿತ್ರಕಾರ ತೈಕಾನ್ ಮೊದಲಾದವರ ಸಂಸರ್ಗದಿಂದ ಅವನೀಂದ್ರನಾಥರಿಗೆ ಒದಗಿದ್ದ ತೊಯ್ಬಣ್ಣದ ವಿಧಾನ ಅಲ್ಲಿ ಮೆರೆಯುತ್ತಿತ್ತು. ಬಣ್ಣ ಹಾಕಿದ ಕಾಗದವನ್ನು ನೀರಿನಲ್ಲಿ ಅದ್ದಿ, ಆರಿದ ಮೇಲೆ ಮತ್ತೆ ಬಣ್ಣ ಹಾಕಿ, ಮತ್ತೆ ಅದ್ದಿದಾಗ ಚಿತ್ರಕ್ಕೆಲ್ಲ ಒಂದು ಮಂಜಿನ ಹೊದಿಕೆ ಬರುತ್ತದೆ. ಅದು ಮನೋಹರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಮಂಜು ದುರ್ಬಲವಾದ ರೇಖೆಯನ್ನು ಬಹು ಔದಾರ್ಯದಿಂದ ಬಚ್ಚಿಡುತ್ತದೆ! ಆ ಶಾಲೆಯ ಕಿರಿಯ ಅನುಯಾಯಿಗಳ ಕೃತಿಗಳಲ್ಲಿ ಅಂಗಾಂಗಗಳು ಬಾಡಿದ ಬಳ್ಳಿಗಳಂತೆ ಜೋತುಬಿದ್ದುದಕ್ಕೆ ಕಾರಣವನ್ನು ಭಾವುಕತೆಯಲ್ಲಿ ಹುಡುಕುವುದಕ್ಕಿಂತ ಈ ಔದಾರ್ಯದಲ್ಲಿ ಹುಡುಕುವುದು ಮೇಲು. ವೆಂಕಟಪ್ಪನವರು ಈ ಅಪಾಯದಿಂದ ಪಾರಾದದ್ದು ಕಲ್ಕತ್ತೆಯಲ್ಲಿ ಕಲಿತದ್ದರಿಂದಲ್ಲ, ಅಲ್ಲಿಗೆ ಹೊತ್ತೊಯ್ದದ್ದರಿಂದ. ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥಾಗ್ರಂಥವು 1913ರಲ್ಲಿ ಪ್ರಕಟವಾದಾಗ, ನಂದಲಾಲ ಬಸು ಮುಂತಾದ ಸಹಶಿಷ್ಯರ ಚಿತ್ರಗಳೊಡನೆ ಅವರ ಚಿತ್ರಗಳೂ ಅದರಲ್ಲಿ ಸೇರಿದ್ದವು.

ಹಾಗೆಂದು ಗುರುವಿನ ಋಣವೇ ಇಲ್ಲವೆನ್ನಲಾಗದು. ಶಾಸ್ತ್ರನಿಶ್ಚಿತವಾದ ಮೂರ್ತಿಯ ಸ್ಥಾನದಲ್ಲಿ ಒಂದು ಪ್ರಸಂಗವನ್ನು ತಾನೇ ಕಲ್ಪಿಸಿಕೊಳ್ಳುವ ಧೈರ್ಯವನ್ನು ಮೈಸೂರು ಅವರಿಗೆ ಕೊಟ್ಟಿರಲಿಲ್ಲ, ಕಲ್ಕತ್ತೆ ಕೊಟ್ಟಿತು. ಆದರೆ ಅವರ ಅತ್ಯುತ್ತಮ ಕೃತಿಗಳೆಂದು ನಾನು ಎಣಿಸುವ ಊಟಿಯ ಜಲವರ್ಣದೃಶ್ಯಗಳು ಎರಡು ಪಾಠಗಳನ್ನೂ ಮೀರಿದವು. ಬೆಟ್ಟದ ಇಳಿಜಾರಿನ ಬೆಳಕು ಸಂಜೆಯಲ್ಲಿ ಹೇಗೆ, ಬೆಳುದಿಂಗಳಲ್ಲಿ ಹೇಗೆ, ಮಳೆಮೋಡ ಒಡೆದಾಗ ಹೇಗೆ ಎಂಬುದನ್ನು ಅಲ್ಲಿ ನೋಡಿ ಬರೆದಿದ್ದಾರೆ, ಊಹಿಸಿ ಬರೆದಿಲ್ಲ. ವಂಗೀಯರು ಪಾಶ್ಚಾತ್ಯವೆಂದು ಶಂಕಿಸಿದ ಯಥಾದರ್ಶನವನ್ನು ಅವರ ಶಿಷ್ಯರೊಬ್ಬರೇ, ಮಕ್ಕಿನ ಎಳೆಯನ್ನು ಎಳೆದ ಅದೇ ಕೈಯ ಸೂಕ್ಷ್ಮತೆಯಿಂದ, ಯಾರ ಅಪ್ಪಣೆಯನ್ನೂ ಕೇಳದೆ ಸಾಧಿಸಿಕೊಂಡರು.