ಹಿಂದಿನ ಸ್ಪೀಕರಿಗೆ ಯಾರನ್ನು ಕಳಿಸಿದಿರಿ?

ಹಳೇ ಹಾಡನ್ನು ಮುಟ್ಟಲೇಬೇಡಿ ಅನ್ನುವವರು ಒಂದು ಕಡೆ. ಹಳೇ ಹಾಡನ್ನೇ ತೊಳೆದು ಬಳಿದು ಮತ್ತೆ ಮತ್ತೆ ಮಾರುವವರು ಇನ್ನೊಂದು ಕಡೆ. ಇಂಗ್ಲೆಂಡಿನ ಪ್ರೊಗ್ರೆಸಿವ್ ರಾಕ್ ಸಂಗೀತದ ಸುತ್ತ ನಡೆದಿರುವ ಜಗಳ ಇದು. ಪಿಂಕ್ ಫ್ಲಾಯ್ಡ್, ಕಿಂಗ್ ಕ್ರಿಮ್ಸನ್, ಯೆಸ್, ಜೆಥ್ರೋ ಟಲ್, ಜೆಂಟಲ್ ಜಯಂಟ್ ಮುಂತಾದ ತಂಡಗಳ ಆಲ್ಬಮ್ಮುಗಳನ್ನು ಮೂಲ ಟೇಪಿನಿಂದ ಎತ್ತಿ, ಕೇಳುಗನ ಸುತ್ತಲೂ ಸ್ಪೀಕರಿಟ್ಟು ಕೇಳುವ ಹಾಗೆ ಹೊಸದಾಗಿ ಬೆರೆಸಿ ಹೊರತರುತ್ತಿದ್ದಾರೆ. ಇದಕ್ಕೆ ಸರೌಂಡ್ ರೀಮಿಕ್ಸ್ ಅಂತ ಹೆಸರು. ಪ್ರೊಗ್ರೆಸಿವ್ ಅಂದ ಮಾತ್ರಕ್ಕೆ ಇವರನ್ನು ನಮ್ಮ ಪ್ರಗತಿಶೀಲರ ಸಾಲಿಗೆ ಸೇರಿಸಬೇಕಾಗಿಲ್ಲ. ಇಪ್ಪತ್ತು ನಿಮಿಷದ ಹಾಡು, ಎಣಿಸಲಿಕ್ಕೆ ಬಾರದ ತಾಳ, ಶಾಸ್ತ್ರೀಯ ಸಂಗೀತದಿಂದಲೂ ಜಾಝ್‌ನಿಂದಲೂ ತಂದ ಕಟ್ಟಡ, ಇವರ ಪ್ರಗತಿ ಅಂದರೆ ಅದು.

ಈ ಎರಡು ಬಣದಲ್ಲಿ ಯಾವ ಕಡೆಗೂ ನಾವಿಲ್ಲ. ನಮ್ಮ ಪ್ರಶ್ನೆ ಬೇರೆ. ಒಂದು ಹಾಡಿನೊಳಗೆ ಹತ್ತು ಜನರ ದುಡಿಮೆ ಇರುತ್ತದೆ. ಆ ಹತ್ತು ಜನರನ್ನು ಎಲ್ಲೆಲ್ಲಿ ಕೂರಿಸಬೇಕು ಅಂತ ತೀರ್ಮಾನಿಸುವವನು ಯಾರು? ಯಾರನ್ನು ಮುಂದೆ ಕೂರಿಸಿದ, ಯಾರನ್ನು ಹಿಂದಕ್ಕೆ ತಳ್ಳಿದ? ಕೂರಿಸಿದ ಮೇಲೆ ಅವರ ಹೆಸರು ಹೇಳಿದನೋ ಇಲ್ಲವೋ?

ಮೊದಲು ಕೆಲಸ ಏನು ಅಂತ ನೋಡೋಣ. ಕಿಂಗ್ ಕ್ರಿಮ್ಸನ್ ತಂಡ ೧೯೬೯ರಲ್ಲಿ ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ ತನ್ನ ಮೊದಲ ಆಲ್ಬಮ್ ಮಾಡಿದಾಗ ಕೈಯಲ್ಲಿದ್ದದ್ದು ಎಂಟು ಟ್ರ್ಯಾಕಿನ ಟೇಪು. ಒಂದು ಟ್ರ್ಯಾಕಿನಲ್ಲಿ ಡ್ರಮ್ಮು, ಒಂದರಲ್ಲಿ ಗಿಟಾರು, ಒಂದರಲ್ಲಿ ಹಾಡುವವನ ದನಿ. ಎಂಟೂ ತುಂಬಿದರೆ? ತುಂಬಿದ್ದನ್ನು ಒಂದೆರಡು ಟ್ರ್ಯಾಕಿಗೆ ಇಳಿಸಿ, ಜಾಗ ಖಾಲಿ ಮಾಡಿಕೊಂಡು, ಮತ್ತೆ ತುಂಬಬೇಕು. ಇಳಿಸಿದ ಪ್ರತಿ ಸಲವೂ ದನಿ ಒಂದಿಷ್ಟು ಮಂಕಾಗುತ್ತದೆ. ಕೊನೆಗೆ ಎಲ್ಲವನ್ನೂ ಎಡ ಬಲ ಎಂಬ ಎರಡೇ ಸ್ಪೀಕರಿನಲ್ಲಿ ಹೊರಗೆ ಕಳಿಸಬೇಕು. ಎರಡು ಬಾಗಿಲಲ್ಲಿ ಇಡೀ ಊರು ನುಗ್ಗಿದರೆ ಯಾರಾದರೂ ಕಾಲ್ತುಳಿತಕ್ಕೆ ಸಿಕ್ಕೇ ಸಿಗುತ್ತಾರೆ.

ಸ್ಟೀವನ್ ವಿಲ್ಸನ್ ಎಂಬ ಇಂಗ್ಲಿಷ್ ಸಂಗೀತಗಾರ ೨೦೦೯ರಿಂದ ಈ ತುಳಿತ ಬಿಡಿಸುವ ಕೆಲಸಕ್ಕೆ ಕೈ ಹಾಕಿದ. ಕ್ರಿಮ್ಸನ್ ತಂಡದ ರಾಬರ್ಟ್ ಫ್ರಿಪ್ ಜೊತೆಗಿದ್ದ. ಇಳಿಸುವ ಮೊದಲಿನ ಟೇಪುಗಳನ್ನೇ ಹಿಡಿದು, ಕಂಪ್ಯೂಟರಿನಲ್ಲಿ ಒಂದರ ಪಕ್ಕ ಒಂದು ಜೋಡಿಸಿ, ೫.೧ ಎಂಬ ಕ್ರಮಕ್ಕೆ ಬೆರೆಸಿದ. ಮುಂದೆ ಮೂರು ಸ್ಪೀಕರು, ಹಿಂದೆ ಎರಡು, ಕೆಳಗಿನ ಗುಡುಗಿಗೆ ಒಂದು. ವಿಲ್ಸನ್ ಬಗ್ಗೆ ನಮಗೆ ಗೌರವ ಯಾಕೆ ಅಂದರೆ, ಆತ ಹಳೇ ಸ್ಟೀರಿಯೋ ಮಿಶ್ರಣವನ್ನು ಪಕ್ಕದಲ್ಲೇ ಇಟ್ಟುಕೊಂಡು, ಹೆಜ್ಜೆ ಹೆಜ್ಜೆಗೂ ಅದಕ್ಕೆ ತಾಳೆ ನೋಡಿ ಕೆಲಸ ಮಾಡುತ್ತಾನೆ. ತನ್ನ ಜಾಣತನ ಮೆರೆಸಲಿಕ್ಕೆ ಇನ್ನೊಬ್ಬರ ಹಾಡನ್ನು ಬಳಸುವುದಿಲ್ಲ.

ಇದರ ಫಲ ನೋಡಬೇಕಾದರೆ ಕ್ರಿಮ್ಸನ್‌ನ ೧೯೭೦ರ ‘ಲಿಝರ್ಡ್’ ಕೇಳಬೇಕು. ಅದರಲ್ಲಿ ಕೀತ್ ಟಿಪೆಟ್‌ನ ಪಿಯಾನೋ ಇದೆ, ಕಾರ್ನೆಟ್ ಇದೆ, ಟ್ರಾಂಬೋನ್ ಇದೆ, ಓಬೋ ಇದೆ. ಇವರೆಲ್ಲ ತಂಡದ ಹೊರಗಿನಿಂದ ಕರೆಸಿದ ವಾದಕರು. ಎರಡು ಸ್ಪೀಕರಿನ ಇಕ್ಕಟ್ಟಿನಲ್ಲಿ ಇವರದ್ದು ಬರೀ ಗದ್ದಲ ಅನ್ನಿಸುತ್ತಿತ್ತು. ಫ್ರಿಪ್‌ಗೇ ಆ ಆಲ್ಬಮ್ ಕಂಡರೆ ಆಗುತ್ತಿರಲಿಲ್ಲ. ವಿಲ್ಸನ್ ಒಬ್ಬೊಬ್ಬರಿಗೂ ಒಂದೊಂದು ಜಾಗ ಕೊಟ್ಟ ಮೇಲೆ ಫ್ರಿಪ್ ತನ್ನ ಅಭಿಪ್ರಾಯ ಬದಲಿಸಿದ. ಗದ್ದಲ ಅಂದುಕೊಂಡದ್ದು ಮಾತುಕತೆಯಾಗಿತ್ತು. ಒಬ್ಬರ ಮಾತು ಗದ್ದಲದ ಹಾಗೆ ಕೇಳಿಸಿದರೆ ತಪ್ಪು ಯಾವಾಗಲೂ ಮಾತಾಡಿದವರದ್ದೇ ಅಲ್ಲ, ಕೂರಿಸಿದವರದ್ದೂ ಇರಬಹುದು.

ಹಾಗಂತ ಎಲ್ಲವನ್ನೂ ಬಿಡಿಸಿ ಇಟ್ಟರೆ ಒಳ್ಳೇದಾಗುತ್ತದೆ ಅಂತ ನಾವು ಒಪ್ಪುವುದಿಲ್ಲ. ಕ್ರಿಮ್ಸನ್‌ನ ಮೊದಲ ಆಲ್ಬಮ್ಮಿನ ಮೊದಲ ಹಾಡು, ‘ಟ್ವೆಂಟಿಫಸ್ಟ್ ಸೆಂಚುರಿ ಸ್ಕಿಝಾಯ್ಡ್ ಮ್ಯಾನ್’, ವಿಯೆಟ್ನಾಂ ಯುದ್ಧದ ಕಾಲದ ಸಿಟ್ಟಿನ ಹಾಡು. ಗಿಟಾರು, ಸ್ಯಾಕ್ಸೊಫೋನು, ಡ್ರಮ್ಮು ಒಟ್ಟಿಗೆ ಒಂದೇ ಏಟಾಗಿ ಬೀಳುತ್ತವೆ. ಅಲ್ಲಿ ಇಕ್ಕಟ್ಟೇ ಅರ್ಥ. ಭುಜಕ್ಕೆ ಭುಜ ತಾಗಿಸಿ ಬರುವ ಮೆರವಣಿಗೆಯನ್ನು ಮಾರು ಮಾರು ದೂರ ನಿಲ್ಲಿಸಿದರೆ ಮುಖಗಳೇನೋ ಚೆನ್ನಾಗಿ ಕಾಣುತ್ತವೆ, ಮೆರವಣಿಗೆ ಕಾಣುವುದಿಲ್ಲ. ಈ ಹಾಡಿಗೆ ಎರಡು ಸ್ಪೀಕರಿನ ಏಟೇ ಸರಿ ಅಂತ ನಮ್ಮ ತೀರ್ಪು. ೨೦೦೯ರ ಡಿಸ್ಕಿನಲ್ಲಿ ಹೊಸದರ ಪಕ್ಕ ಹಳೇ ಮಿಶ್ರಣವನ್ನೂ ಕೊಟ್ಟದ್ದು ಆದ್ದರಿಂದಲೇ ಪ್ರಾಮಾಣಿಕ ಕೆಲಸ. ಕೇಳುವವನೇ ತೂಗಿ ನೋಡಬಹುದು.

ಇನ್ನು ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’. ಪಿಂಕ್ ಫ್ಲಾಯ್ಡ್ ತಂಡದ ೧೯೭೩ರ ಆಲ್ಬಮ್, ಅಬೇ ರೋಡ್ ಸ್ಟುಡಿಯೋದಲ್ಲಿ ಹದಿನಾರು ಟ್ರ್ಯಾಕಿನಲ್ಲಿ ಆದದ್ದು. ಮೂಲವನ್ನು ಮುಟ್ಟಬೇಡಿ ಅನ್ನುವ ಮಡಿವಂತರಿಗೆ ಇಲ್ಲೊಂದು ಉತ್ತರ ಇದೆ. ‘ಟೈಮ್’ ಹಾಡಿನಲ್ಲಿ ಗಡಿಯಾರಗಳು ಒಟ್ಟಿಗೆ ಬಡಿಯುತ್ತವಲ್ಲ, ಅವನ್ನು ಸ್ಟುಡಿಯೋದ ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೇ ಗಡಿಯಾರದ ಅಂಗಡಿಯಲ್ಲಿ ರೆಕಾರ್ಡ್ ಮಾಡಿದ್ದೇ ನಾಲ್ಕು ಸ್ಪೀಕರಿನ ಕ್ವಾಡ್ರಫೋನಿಕ್ ಪ್ರಯೋಗ ತೋರಿಸಲಿಕ್ಕೆ. ಈ ಆಲ್ಬಮ್ಮಿಗೆ ಆತ ನಾಲ್ಕು ಸ್ಪೀಕರಿನ ಮಿಶ್ರಣವನ್ನೂ ೧೯೭೩ರಲ್ಲೇ ಮಾಡಿದ. ಅಂದಮೇಲೆ ಸುತ್ತುದನಿ ಹೊರಗಿನಿಂದ ಬಂದು ಅಂಟಿದ ಮೈಲಿಗೆ ಹೇಗಾದೀತು? ಅದು ಬಸಿರಿನಲ್ಲೇ ಇತ್ತು. ಅದನ್ನು ಕೊಂದದ್ದು ಕಂಪನಿಗಳು. ಎಸ್‌ಕ್ಯೂ, ಕ್ಯೂಎಸ್, ಸಿಡಿ-೪ ಅಂತ ಒಬ್ಬೊಬ್ಬರದ್ದು ಒಂದೊಂದು ಪದ್ಧತಿ. ಒಬ್ಬರ ತಟ್ಟೆಗೆ ಇನ್ನೊಬ್ಬರ ಯಂತ್ರ ಹೊಂದುತ್ತಿರಲಿಲ್ಲ. ದಶಕ ಮುಗಿಯುವುದರೊಳಗೆ ನಾಲ್ಕು ಸ್ಪೀಕರಿನ ಆಸೆ ಮಣ್ಣು ಕಂಡಿತು.

೨೦೦೩ರಲ್ಲಿ ಇದೇ ಆಲ್ಬಮ್ಮನ್ನು ಜೇಮ್ಸ್ ಗಥ್ರಿ ೫.೧ಕ್ಕೆ ಬೆರೆಸಿದ. ಅದರಲ್ಲಿ ನಾವು ಕಿವಿಗೊಡಬೇಕಾದ ದನಿ ಎರಡು. ಮೊದಲನೆಯದು ಗೆರಿ ಓಡ್ರಿಸ್ಕಲ್‌ನದ್ದು. ಈತ ಅಬೇ ರೋಡ್ ಸ್ಟುಡಿಯೋದ ಬಾಗಿಲು ಕಾಯುವವನು. ತಂಡದ ರೋಜರ್ ವಾಟರ್ಸ್ ಕಾರ್ಡುಗಳ ಮೇಲೆ ಪ್ರಶ್ನೆ ಬರೆದು ಸ್ಟುಡಿಯೋದಲ್ಲಿದ್ದವರನ್ನೆಲ್ಲ ಕೇಳಿದ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯೂ ಉತ್ತರ ಕೊಟ್ಟ. ಅಷ್ಟು ದೊಡ್ಡವನ ಮಾತು ಕತ್ತರಿಗೆ ಸಿಕ್ಕಿತು, ಬಾಗಿಲು ಕಾಯುವವನ ಮಾತು ಆಲ್ಬಮ್ಮಿನ ಕೊನೆಗೆ ಉಳಿಯಿತು. ಇದು ನಮಗೆ ಬಹಳ ಇಷ್ಟವಾದ ಸಂಗತಿ.

ಎರಡನೆಯದು ಕ್ಲೇರ್ ಟೋರಿ. ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ನಲ್ಲಿ ಮಾತಿಲ್ಲದೆ ಕೂಗುವ, ಅಳುವ, ಸೋತು ಇಳಿಯುವ ಹೆಣ್ಣುದನಿ ಆಕೆಯದ್ದು. ರಿಚರ್ಡ್ ರೈಟ್ ಪಿಯಾನೋದಲ್ಲಿ ಕಟ್ಟಿದ ಸ್ವರಗಳಿದ್ದವು. ಆದರೆ ಹೀಗೆ ಹಾಡು ಅಂತ ಯಾರೂ ಬರೆದುಕೊಟ್ಟಿರಲಿಲ್ಲ. ನಿಂತ ನಿಲುವಿನಲ್ಲಿ ಆಕೆ ಕಟ್ಟಿದ್ದು ಅದು. ೧೯೭೩ರ ಜನವರಿಯ ಒಂದು ಭಾನುವಾರ, ಕೂಲಿ ೩೦ ಪೌಂಡು. ಕವರಿನ ಮೇಲೆ ಹಾಡಿದವಳು ಅಂತ ಹೆಸರು ಬಂತು. ಕಟ್ಟಿದವಳು ಅಂತ ಬರಲಿಲ್ಲ.

೨೦೦೩ರ ಸರೌಂಡ್ ಡಿಸ್ಕಿನಲ್ಲಿ ಆಕೆಯ ದನಿ ಕೋಣೆ ತುಂಬ ಹರಡಿ ಬರುತ್ತದೆ. ಗಥ್ರಿಯ ಕೈಚಳಕಕ್ಕೆ ಮೆಚ್ಚಬೇಕು. ಆದರೆ ಆ ಡಿಸ್ಕು ಮಾರಾಟವಾಗುವಾಗಲೂ ರಚನೆಯ ಹಕ್ಕಿನಲ್ಲಿ ಆಕೆ ಇರಲಿಲ್ಲ. ೨೦೦೪ರಲ್ಲಿ ಆಕೆ ಕೋರ್ಟಿಗೆ ಹೋದಳು. ೨೦೦೫ರಲ್ಲಿ ರಾಜಿಯಾಯಿತು. ಆಮೇಲಿನ ಮುದ್ರಣಗಳಲ್ಲಿ ರೈಟ್, ಟೋರಿ ಅಂತ ಎರಡೂ ಹೆಸರು ಅಚ್ಚಾದವು. ಮೂವತ್ತೆರಡು ವರ್ಷ ಹಿಡಿಯಿತು ಸ್ವಾಮಿ! ಮಿಶ್ರಣದ ಹಲಗೆಯ ಮೇಲೆ ಒಂದು ಗುಂಡಿ ಎತ್ತಿದರೆ ದನಿ ಮುಂದೆ ಬರುತ್ತದೆ. ಲೆಕ್ಕದ ಪುಸ್ತಕದಲ್ಲಿ ಹೆಸರು ಮುಂದೆ ಬರಬೇಕಾದರೆ ವಕೀಲರನ್ನು ಹಿಡಿಯಬೇಕಾಯಿತು. ಮರುಮಿಶ್ರಣವನ್ನು ಹೊಗಳಿ ಬರೆಯುವ ವಿಮರ್ಶಕರು ಸ್ಪೀಕರಿನ ಕೋನ ಅಳೆಯುತ್ತಾರೆ, ಇದನ್ನು ಅಳೆಯುವುದಿಲ್ಲ.

ವ್ಯಾಪಾರದ ಮಾತೂ ಆಡಿಬಿಡೋಣ. ಪಾರ್ಸನ್ಸ್‌ನ ನಾಲ್ಕು ಸ್ಪೀಕರಿನ ಮಿಶ್ರಣವನ್ನು ೨೦೧೧ರಲ್ಲಿ ಮತ್ತೆ ಹೊರತಂದರು. ಹೇಗೆ? ಒಂದು ದೊಡ್ಡ ಪೆಟ್ಟಿಗೆಯೊಳಗೆ, ಗೋಲಿ, ಕೊರಳವಸ್ತ್ರ, ಲೋಟದ ಅಡಿಗಿಡುವ ಬಿಲ್ಲೆಗಳ ಜೊತೆ. ದನಿ ಬೇಕಾದವನು ಗೋಲಿಯನ್ನೂ ಕೊಳ್ಳಬೇಕು. ಇನ್ನೊಂದು ಕಡೆ ಟೇಪುಗಳೇ ಕಳೆದುಹೋಗಿವೆ. ಜೆಂಟಲ್ ಜಯಂಟ್ ತಂಡದ ಮೊದಲ ಮೂರು ಆಲ್ಬಮ್ಮುಗಳಲ್ಲಿ ಟೇಪು ಉಳಿದಿದ್ದ ಹಾಡುಗಳನ್ನಷ್ಟೇ ವಿಲ್ಸನ್ ಬೆರೆಸಲು ಸಾಧ್ಯವಾಯಿತು. ಅವು ೨೦೧೭ರಲ್ಲಿ ‘ಥ್ರೀ ಪೀಸ್ ಸೂಟ್’ ಅಂತ ಬಂದವು. ಉಳಿದ ಹಾಡುಗಳಿಗೆ ಎರಡನೇ ಜನ್ಮ ಇಲ್ಲ. ದುಡಿದವರ ದನಿಯನ್ನು ಕಾಪಾಡುವುದು ಪೆಟ್ಟಿಗೆ ಮಾರುವುದಕ್ಕಿಂತ ಮೊದಲಿನ ಕೆಲಸ.

ನಮ್ಮ ಓದುಗರಲ್ಲಿ ಐದು ಸ್ಪೀಕರು ಇಟ್ಟುಕೊಂಡವರು ಎಷ್ಟು ಜನ ಇದ್ದೀರಿ? ಹಾಸ್ಟೆಲ್ಲಿನ ಹುಡುಗರಿಗೂ ಹಳ್ಳಿಯ ಮೇಷ್ಟರಿಗೂ ಇರುವುದು ಫೋನು, ಇಯರ್‌ಫೋನು. ಅಟ್ಮಾಸ್ ಎಂಬ ಹೊಸ ಪದ್ಧತಿ ಎರಡು ಕಿವಿಯಲ್ಲೇ ಸುತ್ತಲಿನ ಭ್ರಮೆ ಹುಟ್ಟಿಸುತ್ತದೆ. ಗಥ್ರಿ ೨೦೨೩ರಲ್ಲಿ ‘ಡಾರ್ಕ್ ಸೈಡ್’ ಅನ್ನು ಅದಕ್ಕೂ ಬೆರೆಸಿದ್ದಾನೆ. ಕೇಳಿ. ಹಳೆಯದನ್ನೂ ಕೇಳಿ. ಗಡಿಯಾರ ತಲೆಯ ಸುತ್ತ ಬಡಿದಾಗ ಬೆರಗಾಗಿ, ಬೇಡ ಅನ್ನುವುದಿಲ್ಲ. ಬೆರಗು ಮುಗಿದ ಮೇಲೆ ಹಾಡು ಕಟ್ಟಿದವರು ಯಾರು ಅಂತ ಹುಡುಕಿ. ಕವರಿನ ಮೇಲೆ ದೊಡ್ಡದಾಗಿ ಅಚ್ಚಾಗುತ್ತಿದ್ದ ಹೆಸರುಗಳನ್ನು ಫೋನಿನ ಪರದೆಯಲ್ಲಿ ಬೆರಳಾಡಿಸಿ ಹುಡುಕಬೇಕು. ನಾಲ್ಕು ಹೆಸರು ಸಿಕ್ಕಿತು ಅಂತ ನಿಲ್ಲಬೇಡಿ. ಐದನೆಯದು ಟೋರಿಯದ್ದು, ಆರನೆಯದು ಬಾಗಿಲು ಕಾಯುವವನದ್ದು.