ನಿಲ್ಲು ಎಂದರೆ ನಿಲ್ಲದವರು

ಗ್ರೀಕ್ ರುದ್ರನಾಟಕದ ನಾಯಕ ಎಂಥವನು ಎಂದು ಕೇಳಿದರೆ ನಮ್ಮ ಕಾಲೇಜು ನೋಟ್ಸುಗಳಲ್ಲಿ ಸಿದ್ಧ ಉತ್ತರವಿದೆ: ದೊಡ್ಡ ಮನೆತನದವನು, ಬಹುಮಟ್ಟಿಗೆ ಒಳ್ಳೆಯವನು, ಸ್ವಭಾವದ ಒಂದು ದೋಷದಿಂದ ಹಾಳಾಗುವವನು. ಅರಿಸ್ಟಾಟಲನ ಮುದ್ರೆ ಬಿದ್ದಿರುವುದರಿಂದ ಇದನ್ನು ಯಾರೂ ಕೆದಕಲು ಹೋಗುವುದಿಲ್ಲ. ಅವನು ಹೇಳಿದ್ದಾದರೂ ನೀಚತನದಿಂದಲ್ಲದೆ ಯಾವುದೋ ತಪ್ಪಿನಿಂದ ಬೀಳುವವನ ಬಗ್ಗೆ; ಆ ತಪ್ಪನ್ನು ಹುಟ್ಟುಗುಣವಾಗಿ ಬೆಳೆಸಿದವರು ಮುಂದಿನ ವ್ಯಾಖ್ಯಾನಕಾರರು. ನಾಟಕಗಳನ್ನೇ ಮುಂದಿಟ್ಟುಕೊಂಡರೆ ನಾಯಕನ ಗುರುತು ಬೇರೆಡೆ ಸಿಗುತ್ತದೆ. ಅವನನ್ನು ತಡೆಯುವವರು ಎದುರಿಗೇ ಇರುತ್ತಾರೆ, ಅವರ ಮಾತಿನಲ್ಲಿ ನ್ಯಾಯವೂ ಇರುತ್ತದೆ, ಆದರೂ ಅವನು ಕೇಳುವುದಿಲ್ಲ.

ಸೊಫೋಕ್ಲೀಸನ ‘ರಾಜ ಈಡಿಪಸ್’ ನೋಡಿ. ತಂದೆಯ ಕೊಲೆ, ತಾಯಿಯೊಡನೆ ಮದುವೆ ಎರಡೂ ನಾಟಕ ಶುರುವಾಗುವ ಎಷ್ಟೋ ವರ್ಷ ಮೊದಲೇ ಆಗಿಹೋಗಿವೆ. ರಂಗದ ಮೇಲೆ ಈಡಿಪಸ್ ಮಾಡುವುದು ವಿಚಾರಣೆ. ಕುರುಡ ಟೈರೀಸಿಯಸ್ ತನ್ನನ್ನು ಮನೆಗೆ ಕಳಿಸಿಬಿಡು ಎನ್ನುತ್ತಾನೆ. ನಿಜ ಹೊಳೆದ ಯೊಕಾಸ್ತಾ ಇನ್ನು ಹುಡುಕಬೇಡ ಎಂದು ಅಂಗಲಾಚಿ ಒಳಗೆ ಹೋಗುತ್ತಾಳೆ. ಕೊನೆಗೆ ಮುದಿ ಕುರುಬನೂ ಹೆಚ್ಚು ಕೇಳಬೇಡಿ ಒಡೆಯಾ ಎಂದು ಬೇಡುತ್ತಾನೆ. ಅವನ ಕೈ ತಿರುಚಿ ಉತ್ತರ ಹೊರಡಿಸಲಾಗುತ್ತದೆ. ದೈವವಾಣಿ ನುಡಿದದ್ದು ಕೊಲೆ ಮತ್ತು ಮದುವೆಯನ್ನು. ನಿಜವನ್ನು ತಾನೇ ಬಯಲಿಗೆಳೆಯಬೇಕೆಂಬ ಹಟ ಪೂರ್ತಿ ಅವನದು.

ಹಾಗಾದರೆ ಈ ಹಟವೇ ದೋಷವಲ್ಲವೆ? ಈ ಆಕ್ಷೇಪ ಬಲವಾದದ್ದೇ. ಆದರೆ ಹಾಗೆನ್ನುವವರು ಈಡಿಪಸ್ ಮತ್ತೇನು ಮಾಡಬೇಕಿತ್ತು ಎಂದೂ ಹೇಳಬೇಕು. ಥೀಬ್ಸ್‌ನಲ್ಲಿ ಮಾರಿ ಬಡಿದಿದೆ, ಹಿಂದಿನ ಅರಸನ ಕೊಲೆಗಾರ ಸಿಗದೆ ಅದು ತೊಲಗದು. ಸ್ಫಿಂಕ್ಸಿನ ಒಗಟು ಬಿಡಿಸಿ ಊರನ್ನು ಉಳಿಸಿದ ಬುದ್ಧಿಯೇ ಈಗ ಅವನನ್ನು ಮುಳುಗಿಸುತ್ತಿದೆ. ಅದನ್ನು ಕಿತ್ತುಹಾಕಿದರೆ ದೋಷದೊಂದಿಗೆ ಈಡಿಪಸನೂ ಹೋಗುತ್ತಾನೆ.

ಇದಕ್ಕೆ ವಿರುದ್ಧ ಸಾಕ್ಷಿ ‘ಆಂಟಿಗೊನಿ’ಯ ಕ್ರಿಯಾನ್. ತಪ್ಪು ಮಾಡುತ್ತಾನೆ, ತಪ್ಪೆಂದು ತಿಳಿಯುತ್ತಾನೆ, ಮಗನನ್ನೂ ಹೆಂಡತಿಯನ್ನೂ ಕಳೆದುಕೊಳ್ಳುತ್ತಾನೆ. ನೋಟ್ಸಿನ ಸೂತ್ರಕ್ಕೆ ಅವನಷ್ಟು ಸರಿಯಾಗಿ ಹೊಂದುವವರಿಲ್ಲ. ಆದರೂ ಟೈರೀಸಿಯಸ್ ಹೆದರಿಸಿದ ಮೇಲೆ ಅವನು ಮೇಳದವರನ್ನೇ ಏನು ಮಾಡಲಿ ಎಂದು ಕೇಳುವಾಗ ನಮ್ಮ ಕಣ್ಣಲ್ಲಿ ಸಣ್ಣವನಾಗುತ್ತಾನೆ. ಆ ಹೊತ್ತಿಗೆ ಬಾಗಿದ್ದು ವಿವೇಕವೇ ಇರಬಹುದು. ನಾಟಕದ ಹೆಸರು ಮಾತ್ರ ಬಾಗದವಳಿಗೆ ಹೋಯಿತು. ಕ್ರಿ.ಪೂ. 409ರ ‘ಫಿಲೊಕ್ಟಿಟೀಸ್’ ಇನ್ನೂ ಸ್ಪಷ್ಟ: ಅಲ್ಲಿ ಪತನವೇ ಇಲ್ಲ. ಕಾಲಿನ ಹುಣ್ಣು ವಾಸಿಯಾಗುತ್ತದೆಂದರೂ ಟ್ರಾಯ್‌ಗೆ ಬರಲೊಲ್ಲದವನನ್ನು ಒಪ್ಪಿಸಲು ದೇವರಾದ ಹೆರಾಕ್ಲೀಸನೇ ಬರಬೇಕಾಯಿತು. ಬಿ.ಎಂ.ಶ್ರೀ. ಸೊಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು 1929ರಲ್ಲಿ ‘ಅಶ್ವತ್ಥಾಮನ್’ ಆಗಿಸಿದಾಗ ಆದದ್ದೂ ಕುತೂಹಲದ್ದು. ಮಾನ ಹೋದಮೇಲೆ ಬದುಕಲೊಪ್ಪದ ಈ ಅಚ್ಚಿನಲ್ಲಿ ನಮ್ಮ ಪುರಾಣದ ಚಿರಂಜೀವಿಯೂ ಸಾಯಲೇಬೇಕಾಯಿತು.

ಅಥೆನ್ಸಿಗೆ ಇಂಥವರು ಏಕೆ ಬೇಕಾದರು? ಅದು ಮಾತಿನಿಂದ ನಡೆಯುತ್ತಿದ್ದ ಊರು. ಡಯೊನೈಸಸನ ರಂಗಸ್ಥಳದಲ್ಲಿ ಕೂತ ನಾಗರಿಕರೇ ಪ್ನಿಕ್ಸ್ ಗುಡ್ಡದ ಸಭೆಯಲ್ಲಿ ವಾದ ಕೇಳಿ ಕೈಯೆತ್ತುವವರು. ಒಪ್ಪಿಸುವುದು, ಒಪ್ಪುವುದು ಅವರ ರಾಜಕೀಯದ ಉಸಿರು. ಅವರೆದುರು ಯಾವ ಮಾತಿಗೂ ಒಪ್ಪದವನನ್ನು ನಿಲ್ಲಿಸಿ, ಪಕ್ಕದಲ್ಲೇ ಕೊನೆಯವರೆಗೆ ಬುದ್ಧಿ ಹೇಳುವ ಮೇಳವನ್ನಿಟ್ಟರೆ ಭಯವೂ ಬೆರಗೂ ಒಟ್ಟಿಗೇ ಹುಟ್ಟುತ್ತಿದ್ದಿರಬೇಕು.

ಸೊಫೋಕ್ಲೀಸನಿಂದ ತೆಗೆದ ಮಾತನ್ನು ಈಸ್ಕಿಲಸ್, ಯೂರಿಪಿಡೀಸರೂ ಸೇರಿ ಮೂವರು ನಾಟಕಕಾರರಿಗೂ ಹೊದಿಸುತ್ತಿದ್ದೇನೆ ಎಂಬ ಆರೋಪದಲ್ಲಿ ಅರ್ಧ ಸತ್ಯವಿದೆ. ಈಸ್ಕಿಲಸನ ಎಟಿಯೊಕ್ಲೀಸ್ ಹೆಂಗಸರ ಮೇಳ ಬೇಡಿದರೂ ಅಣ್ಣತಮ್ಮಂದಿರ ಕಾಳಗಕ್ಕೆ ಹೊರಟೇಬಿಡುತ್ತಾನೆ, ಸರಿ. ಯೂರಿಪಿಡೀಸನ ಮೀಡಿಯಾಳನ್ನೂ ಮೇಳ ತಡೆಯುತ್ತದೆ, ಆದರೆ ನಿಜವಾದ ತಡೆ ಅವಳೊಳಗಿನದು: ಮಕ್ಕಳ ಮುಖ ನೋಡಿ ಬೇಡವೆನ್ನುತ್ತಾಳೆ, ಮತ್ತೆ ಬೇಕೆನ್ನುತ್ತಾಳೆ, ತನ್ನನ್ನೇ ಸೋಲಿಸಿ ಕೊಲ್ಲುತ್ತಾಳೆ. ಕ್ರಿ.ಪೂ. 415ರ ‘ಟ್ರಾಯ್‌ನ ಹೆಂಗಸರು’ ಮಾತ್ರ ಈ ಅಳತೆಗೆ ದಕ್ಕುವುದಿಲ್ಲ. ಅಲ್ಲಿ ಗೆದ್ದವರು ಹೆಂಗಸರನ್ನು ಹಂಚಿಕೊಳ್ಳುತ್ತಿದ್ದಾರೆ, ಯಾರಿಗೂ ಆಯ್ಕೆಯಿಲ್ಲ. ಮುದಿ ರಾಣಿ ಹೆಕುಬಾ ಉರಿಯುವ ಊರಿನೊಳಗೆ ನುಗ್ಗಿ ಸಾಯಲು ಓಡುತ್ತಾಳೆ. ಏಜಾಕ್ಸನಿಗೆ ಕತ್ತಿ ಇತ್ತು, ಏಕಾಂತವಿತ್ತು. ಇವಳು ಒಡಿಸ್ಯೂಸನ ಪಾಲಿಗೆ ಬಂದ ಸೊತ್ತಾದ್ದರಿಂದ ಸೈನಿಕರು ಹಿಡಿದು ಎಳೆತರುತ್ತಾರೆ.