ಆಪ್ಷನ್ನಿನಾಗ ಹತ್ತಿ ಇಲ್ಲ

ಸಂಕ್ರಾಂತಿಗೆ ಮಾಗಡಿಗೆ ಹೋದಾಗ, ಮಂಗೋಲಿಯಾದ ಕಡೆಯಿಂದ ಹೆಬ್ಬಾತು ಬರುವ ಅದೇ ಕೆರೆಯ ದಂಡೆಯ ಮೇಲೆ, ಅಕ್ಕನ ಮಗ ದಪ್ಪನೆಯ ಜಿಕೆ ಗೈಡ್ ಕೈಗಿಟ್ಟು 'ಮಾಮಾ, ಪ್ರಶ್ನಿ ಕೇಳು' ಅಂದ. ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾನೆ. ಜಗತ್ತಿನ ಇತಿಹಾಸ ತೆಗೆದೆ. ಬೋಸ್ಟನ್ ಟೀ ಪಾರ್ಟಿ? 1773. ಯಾರ್ಕ್‌ಟೌನಿನಲ್ಲಿ ಶರಣಾದವನು? ಕಾರ್ನ್‌ವಾಲಿಸ್. ಅಮೆರಿಕದ ಅಂತರ್ಯುದ್ಧ? 1861ರಿಂದ 1865. ಒಂದೂ ತಪ್ಪಲಿಲ್ಲ.

'ಆ ಚಹಾ ಯಾರದು?' ಅಂದೆ.

'ಅದು ಆಪ್ಷನ್ನಿನಾಗ ಇಲ್ಲಲ್ಲ ಮಾಮಾ.'

ಹುಡುಗನ ತಪ್ಪಲ್ಲ, ಗೈಡಿನದು. ಬೋಸ್ಟನ್ನಿನಲ್ಲಿ ನೀರುಪಾಲಾದ ಚಹಾ ಈಸ್ಟ್ ಇಂಡಿಯಾ ಕಂಪನಿಯದು. ಹೌದು, ನಮ್ಮನ್ನಾಳಿದ ಅದೇ ಕಂಪನಿ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಬರೆಸಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು. ಗೈಡಿನಲ್ಲಿ ಮಾತ್ರ ಅವನು ಎರಡು ಕಡೆ, ಎರಡು ಬೇರೆ ಮನುಷ್ಯರ ಹಾಗೆ ಕೂತಿದ್ದಾನೆ.

ಅಂತರ್ಯುದ್ಧವಂತೂ ನಮ್ಮ ಎರಿ ಹೊಲಕ್ಕೇ ಬಂದಿತ್ತು. ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ಕಂಪನಿ 1840ರ ದಶಕದಲ್ಲೇ ಧಾರವಾಡ ಸೀಮೆಯಲ್ಲಿ ಬಿತ್ತಿಸಿತ್ತು. ಪೇಟೆಯಲ್ಲಿ ಅದರ ಹೆಸರೇ 'ಧಾರವಾಡ-ಅಮೆರಿಕನ್'. ಯುದ್ಧ ಶುರುವಾದದ್ದೇ ತಡ, ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಅಡ್ಡ ನಿಂತಿತು. ಗುಲಾಮರು ಬೆಳೆದ ಹತ್ತಿ ಲ್ಯಾಂಕಾಶೈರಿನ ಗಿರಣಿಗಳಿಗೆ ತಲುಪಲಿಲ್ಲ. ಅವರು ಮುಂಬೈ ಕಡೆ ತಿರುಗಿದರು, ಇಲ್ಲಿ ಹತ್ತಿಯ ದರ ಮುಗಿಲು ಮುಟ್ಟಿತು. 1865ರಲ್ಲಿ ಯುದ್ಧ ಮುಗಿಯಿತು, ದರ ಕುಸಿಯಿತು, ಮುಂಬೈಯ ಷೇರುಪೇಟೆಯೂ ಮಕಾಡೆ ಬಿತ್ತು. ಹತ್ತಿ ಬಿಡಿಸೋ ಕೈಗಳಿರುವ ಮನೆಯ ಹುಡುಗನಿಗೆ ಇದರಲ್ಲಿ ಇಸವಿಯೊಂದನ್ನೇ ಉಳಿಸಿ ಉಳಿದದ್ದನ್ನೆಲ್ಲ ತೆಗೆದುಹಾಕಿದ್ದಾರೆ.

ಲಕ್ಷಾಂತರ ಜನ ಬರೆಯುವ ಪರೀಕ್ಷೆ, ಮಷಿನ್ನೇ ತಿದ್ದಬೇಕು, ಬೇರೆ ದಾರಿ ಇಲ್ಲ ಅಂತಾರೆ. ಕೋಡ್ ಬರೆದು ಹೊಟ್ಟೆ ಹೊರೆಯುವವನು ನಾನು, ಇದನ್ನು ಒಪ್ಪಲಾರೆ. ಮಷಿನ್ನಿಗೆ ಬೇಕಾದದ್ದು ಕಪ್ಪು ಮಾಡಿದ ಒಂದು ಸೊನ್ನೆ. ಪ್ರಶ್ನೆ ಎಂಥದು ಅಂತ ಅದು ಕೇಳುವುದಿಲ್ಲ. ಅಲ್ಲೇ ಒಂದು ಮಾಡಿ ಕೇಳಿದೆ: 1861ರ ನಂತರ ಧಾರವಾಡ ಹತ್ತಿಯ ದರ ಏರಿದ್ದು ಯಾಕೆ? ಅ) ಬರಗಾಲ ಆ) ಹೊಸ ಗಿರಣಿ ಇ) ಅಮೆರಿಕದ ಯುದ್ಧ ಈ) ತೆರಿಗೆ ಮಾಫಿ.

'ಬರಗಾಲ' ಅಂದ. ಇಷ್ಟೂ ಕತೆ ಹೇಳಿದೆ. ಅವನು ಗೈಡನ್ನು ಬೋರಲು ಹಾಕಿ ಸುಮ್ಮನೆ ಕೂತ. ಆಮೇಲೆ, 'ದರ ಏರಿದಾಗ ಸಾಲ ಮಾಡಿ ಹೊಲಾ ಹಿಡದವ್ರು, 65ರಾಗ ಏನ್ ಮಾಡಿದ್ರು ಮಾಮಾ?' ಅಂತ ಕೇಳಿದ.